ಮೊದಲರ್ಧ ಎದುರಾಳಿಯದು

ಮಾರ್ಚ್ ೪, ಸೋಮವಾರ

ಬಾಯಲ್ಲಿ ಉಳಿದಿದ್ದ ಹಲ್ಲುಗಳನ್ನೆಲ್ಲ ಇವತ್ತು ಕೀಳಿಸಿಕೊಂಡೆ. ಹಲ್ಲಿನ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಡೆಯ ದವಡೆ ಹಲ್ಲಿಗೆ ಬಂದಾಗ ಒಂದು ಕಾಲನ್ನು ನನ್ನ ಕುರ್ಚಿಗೆ ಒತ್ತುಕೊಟ್ಟು ನಿಂತಳು. ಕಿತ್ತಾದ ಮೇಲೆ ಬೆವರು ಒರೆಸಿಕೊಂಡು, "ಇಂಥ ಬೇರು ನಾನು ನೋಡೇ ಇರ್ಲಿಲ್ಲ ಅಜ್ಜ" ಎಂದಳು. ಬೇರಿನ ಮಾತು ಹಿಡಿಸಿತು, ಅಜ್ಜ ಎಂದದ್ದು ಹಿಡಿಸಲಿಲ್ಲ. ಬಾಯಿ ತುಂಬ ಹತ್ತಿ ತುರುಕಿದ್ದರಿಂದ ಎರಡಕ್ಕೂ ಉತ್ತರ ಕೊಡಲಾಗಲಿಲ್ಲ.

ವಸಡು ಮಾಗಿ, ಅಳತೆ ತೆಗೆದು, ಹೊಸ ಹಲ್ಲಿನ ಸೆಟ್ಟು ಕೂರಿಸುವವರೆಗೆ ಅಕ್ಕನ ಮಗಳ ಮನೆಯಲ್ಲೇ ಇರಬೇಕು. ಮಾತು ಆದಷ್ಟು ಕಡಿಮೆ ಎಂದು ಡಾಕ್ಟರ ಕಟ್ಟಪ್ಪಣೆ. ಊರಿನಲ್ಲಿ ನಾನು ಅರ್ಧ ದಿನ ಬಾಯಿ ಮುಚ್ಚಿದರೆ ಜನ ಮೈಗೆ ಹುಷಾರಿಲ್ಲವೇ ಎಂದು ವಿಚಾರಿಸಿಕೊಂಡು ಬರುತ್ತಾರೆ. ಅಂಥವನಿಗೆ ಈ ಶಿಕ್ಷೆ. ಆದ್ದರಿಂದ ಈ ಬರೆಯುವ ಕೆಲಸ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿಗೆ ನಿಲ್ಲಿಸಿದವನಾದರೂ ನನ್ನ ಅಕ್ಷರದ ದುಂಡು ನೋಡಿದ ಮೇಷ್ಟ್ರು ಮಿಕ್ಕ ಹುಡುಗರ ಕೈಮೇಲೆ ಹೊಡೆಯುತ್ತಿದ್ದರು.

ಅಕ್ಕನ ಮಗಳು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಅಧ್ಯಾಪಕಿ. ಹುಟ್ಟಿದಾಗ ಇಟ್ಟ ಹೆಸರು ಬೇರೆ. ಮಾತು ಬಂದಾಗಿನಿಂದ ಎಲ್ಲದಕ್ಕೂ ಯಾಕೆ ಯಾಕೆ ಎನ್ನುತ್ತಿದ್ದುದರಿಂದ ಮನೆಮಂದಿಗೆಲ್ಲ ಅವಳು ಯಾಕಮ್ಮ. ಮಹಡಿಯ ಮೇಲೆ ಎರಡು ಕೋಣೆ, ಒಬ್ಬಳೇ ಇದ್ದಾಳೆ. ಒಂದು ಕೋಣೆಯಲ್ಲಿ ಪುಸ್ತಕಗಳು ವಾಸ, ಇನ್ನೊಂದರಲ್ಲಿ ನಾವು.

ಇಷ್ಟು ವರ್ಷ ದುಡಿದರೂ ಅವಳ ಕೆಲಸ ಇನ್ನೂ ಕಾಯಂ ಆಗಿಲ್ಲ. ಈ ತಿಂಗಳು ಆಗಬೇಕು. ಹದಿನಾಲ್ಕಕ್ಕೆ ತುಂಬಿದ ಸಭೆಯಲ್ಲಿ ಉಪನ್ಯಾಸ ಕೊಡಬೇಕು, ಆಮೇಲೆ ಸಮಿತಿಯವರು ಆರ್ಡರು ಕೊಡಬೇಕು. ಆಗದಿದ್ದರೆ ಮತ್ತೆ ವರ್ಷ ವರ್ಷ ಅವರಿವರ ಮುಖ ನೋಡುವುದು. ನಾನು ಬಂದಾಯಿತಲ್ಲ, ಆಗುತ್ತದೆ.

ನಮ್ಮವಳಿಗೆ ಫೋನು ಮಾಡಲಿಲ್ಲ. ಹೊರಡುವ ದಿನ ಹಿತ್ತಲಿನ ಅತ್ತಿ ಮರದ ವಿಚಾರಕ್ಕೆ ಜಗಳವಾಗಿದೆ. ಮರ ಕಡಿಸುತ್ತೇನೆ ಅಂದಳು. ಕಡಿಸಿದರೆ ನಾನು ಈ ಹೊಸಿಲು ತುಳಿಯುವುದಿಲ್ಲ ಎಂದು ಬಂದಿದ್ದೇನೆ. ಒಳ್ಳೆಯ ಮಾತು ಅದು, ಬಾಗಿಲಲ್ಲಿ ನಿಂತು ಹೇಳಿದ್ದೂ ಚೆನ್ನಾಗಿತ್ತು. ಆಗಿನ್ನೂ ಹಲ್ಲುಗಳಿದ್ದವು.

ಮಾರ್ಚ್ ೭, ಗುರುವಾರ

ಯಾಕಮ್ಮ ಮಾಡುವುದು ಒಂದು ಕೆಲಸವೇ ಎಂದು ಕಣ್ಣಾರೆ ನೋಡಿದೆ. ಬೆಳಗ್ಗೆ ಎದ್ದು ಓದುತ್ತಾಳೆ. ಓದಿದ್ದಕ್ಕೆ ತಲೆಯಾಡಿಸುತ್ತಾಳೆ. ಒಂದು ಸಾಲು ಬರೆಯುತ್ತಾಳೆ, ಅದನ್ನೇ ಹೊಡೆದುಹಾಕುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ನಾನು ಮೂರು ಸಲ ನಿದ್ದೆ ಮಾಡಿ ಎದ್ದರೂ ಪುಟ ಅಲ್ಲೇ ಇತ್ತು. ಆಮೇಲೆ ಕಾಲೇಜಿಗೆ ಹೋಗಿ ಹುಡುಗರಿಗೆ ಪಾಠ. ಸಂಜೆ ಅವರ ಉತ್ತರಪತ್ರಿಕೆ ತಿದ್ದುವುದು.

"ಏನು ಕಲಿಸ್ತೀಯೇ?" ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಸ್ಲೇಟು ಅವಳೇ ತಂದುಕೊಟ್ಟದ್ದು.

"ನೆಲಕ್ಕೆ ನೀರಿಗೆ ನಾವೇನು ಬಾಕಿ ಇದೀವಿ, ಸರ್ಕಾರ ನಮಗೇನು ಬಾಕಿ ಇದೆ, ಈ ಎರಡೂ ಒಂದಕ್ಕೊಂದು ಅಡ್ಡ ಬಂದ್ರೆ ಏನು ಮಾಡ್ಬೇಕು, ಅದು."

"ಅದಕ್ಕೆ ಉತ್ತರ?"

"ಉತ್ತರ ಗೊತ್ತಿದ್ರೆ ಕೆಲಸ ಯಾಕೆ ಕೊಡ್ತಿದ್ರು ಮಾವ?"

ಈ ಸಲದ ಉಪನ್ಯಾಸದ ವಿಷಯ ಊರಂಚಿನ ಜೌಗು. ಆಪು ಹುಲ್ಲು ಬೆಳೆದ ದೊಡ್ಡ ಕೆಸರು ಬಯಲು. ಅದಕ್ಕೆ ಮಣ್ಣು ತುಂಬಿಸಿ, ರೈಲು ಹಳಿಯ ಪಕ್ಕ ತಗಡಿನ ಗುಡಿಸಲುಗಳಲ್ಲಿರುವವರಿಗೆ ಮನೆ ಕಟ್ಟಿಕೊಡಬೇಕೆಂದು ನಗರಸಭೆಯವರ ಯೋಜನೆ. ತುಂಬಿಸಬೇಕೋ ಬೇಡವೋ ಎಂದು ಊರೇ ಎರಡು ಪಾಲಾಗಿದೆ.

ಈ ಹುಡುಗಿಗೆ ಈ ದಾರಿ ಹಿಡಿಸಿದ್ದು ಬೇರೆ ಯಾರೂ ಅಲ್ಲ, ನಾನು. ಏಳು ವರ್ಷದವಳಿದ್ದಾಗ ಕಾಲುವೆ ಏರಿಯ ಮೇಲೆ ನಡೆಯುತ್ತ, ನೀರು ಮೊದಲು ಮೇಲಿನ ಗದ್ದೆಯವರಿಗೇ ಯಾಕೆ ಎಂದು ಕೇಳಿದಳು. ನಾನು ಅಲ್ಲಿಯೇ ನಿಂತು ಎಂಥ ವಿವರಣೆ ಕೊಟ್ಟೆನೆಂದರೆ ಅವತ್ತೇ ಅವಳ ತಲೆಯಲ್ಲಿ ಬೀಜ ಬಿತ್ತು. ವಿವರಣೆ ಏನೆಂಬುದು ಈಗ ನೆನಪಿಲ್ಲ. ಬೀಜ ಬಿದ್ದದ್ದು ನಿಜ.

ಮಾರ್ಚ್ ೧೦, ಭಾನುವಾರ

ಇವತ್ತು ಅವಳೊಂದಿಗೆ ತಗಡಿನ ಸಾಲಿಗೆ ಹೋಗಿದ್ದೆ. ರೈಲು ಬಂದರೆ ಒಲೆಯ ಮೇಲಿನ ಪಾತ್ರೆ ತಾನಾಗಿ ನಡೆಯುತ್ತದೆ. ಮಾತು ನಿಂತು, ರೈಲು ಹೋದ ಮೇಲೆ ಬಿಟ್ಟಲ್ಲಿಂದ ಮತ್ತೆ ಶುರುವಾಗುತ್ತದೆ. ಅಲ್ಲಿಯ ಸಂಘದ ಮುಂದಾಳು ನಲ್ಲಿ ರಿಪೇರಿ ಮಾಡುವವನು. ಊರಿನವರ ಮನೆಗೆಲ್ಲ ನೀರು ಹರಿಸುವ ಕೈ ಅವನದು, ಅವನ ಮನೆಯಲ್ಲಿ ನಲ್ಲಿಯೇ ಇಲ್ಲ.

ಯಾಕಮ್ಮ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು, "ಜೌಗು ತುಂಬಿಸಲೇಬೇಕು ಅನ್ನೋದಕ್ಕೆ ನಿಮ್ಮ ಕಾರಣ ನಾನು ಹೇಳ್ತೀನಿ, ತಪ್ಪಿದ್ರೆ ತಿದ್ದಿ" ಎಂದು ಶುರುಮಾಡಿದಳು. ಅವನು ತಿದ್ದಿದ.

"ಹಂಗಲ್ಲ ಮೇಡಂ. ನಮ್ಮ ಮಕ್ಕಳು ಕೆಮ್ತಾರೆ ಅನ್ನೋದು ಆಮೇಲೆ. ಮೊದಲು ಹೇಳ್ಬೇಕಾದ್ದು, ನಮಗೆ ವಿಳಾಸ ಇಲ್ಲ. ಸ್ಕೂಲಲ್ಲಿ ಮನೆ ನಂಬರ್ ಕೇಳ್ತಾರೆ, ರೈಲು ನಂಬರ್ ಹೇಳ್ಬೇಕಾ?"

ಮತ್ತೆ ಮೊದಲಿನಿಂದ ಹೇಳಿದಳು. ಅವನು ಮತ್ತೆ ತಿದ್ದಿದ. ಬಿಸಿಲು ನೆತ್ತಿಗೆ ಬಂದರೂ ಇಬ್ಬರಿಗೂ ಏಳುವ ಯೋಚನೆಯಿಲ್ಲ. ಇಷ್ಟೆಲ್ಲ ನೋಡಿದ ಮೇಲೆ ನನಗೆ ಗೊತ್ತಾಯಿತು, ನಮ್ಮ ಹುಡುಗಿ ತಗಡಿನ ಸಾಲಿನವರ ಕಡೆ. ಜನರನ್ನು ನೋಡಿದರೆ ಸಾಕು, ಯಾರು ಯಾರ ಕಡೆ ಎಂದು ಹೇಳಿಬಿಡುತ್ತೇನೆ. ಅದಕ್ಕೆ ಓದು ಬೇಡ, ಕಣ್ಣು ಬೇಕು.

ಮಾರ್ಚ್ ೧೪, ಗುರುವಾರ

ಇವತ್ತಿನದನ್ನು ವಿವರವಾಗಿಯೇ ಬರೆಯಬೇಕು.

ಸಭಾಂಗಣ ತುಂಬಿತ್ತು. ಒಂದು ಕಡೆ ತಗಡಿನ ಸಾಲಿನವರು. ಇನ್ನೊಂದು ಕಡೆ ಜೌಗಿನ ಆಪು ಕೊಯ್ದು ಚಾಪೆ ಹೆಣೆಯುವ ಹೆಂಗಸರು. ಮುಂದಿನ ಸಾಲಿನಲ್ಲಿ ಸಮಿತಿಯವರು, ಮುಖದ ತುಂಬ ಗಾಂಭೀರ್ಯ. ಅಧ್ಯಕ್ಷರ ಕುರ್ಚಿಯಲ್ಲಿ ಯಾಕಮ್ಮನ ವಿಭಾಗದ ಮುಖ್ಯಸ್ಥರು. ಪ್ರತಿ ವಾಕ್ಯಕ್ಕೂ ಮುಂಚೆ ಒಂದು ಕೆಮ್ಮು ಕೆಮ್ಮುವುದರಿಂದ ನಾನು ಅವರಿಗೆ ಕೆಮ್ಮುಮೇಷ್ಟ್ರು ಎಂದು ಹೆಸರಿಟ್ಟೆ.

ಯಾಕಮ್ಮ ಎದ್ದು ನಿಂತಳು. ಮೊದಲು ದನಿ ಸಣ್ಣಗಿತ್ತು. ಆಮೇಲೆ ನೋಡಬೇಕಿತ್ತು. ಜೌಗಿನ ಹಕ್ಕಿಗಳನ್ನು ಉಳಿಸಬೇಕು ಎಂದು ಮಾತಾಡುವವರೆಲ್ಲ ಸೋರದ ಸೂರಿನ ಕೆಳಗೆ ಮಲಗುವವರು ಎಂದಳು. ಕಾಯಿರಿ ಎನ್ನುವ ಹಕ್ಕು ಕಾದವನಿಗೆ ಮಾತ್ರ ಇದೆ ಎಂದಳು. "ಈ ಸಭಾಂಗಣ ನಿಂತಿರೋದೂ ಹಿಂದೆ ಜೌಗಾಗಿದ್ದ ಜಾಗದ ಮೇಲೆ. ನಮ್ಮ ಪಾಠಕ್ಕೆ ತುಂಬಿಸಿದ ಮಣ್ಣು ಅವರ ಮನೆಗೆ ತುಂಬಿಸೋವಾಗ ಮಾತ್ರ ಯಾಕೆ ಪಾಪವಾಗುತ್ತೆ?" ಎಂದಳು. ಚಾಪೆ ಹೆಣೆಯುವ ಹೆಂಗಸರು ತಲೆ ತಗ್ಗಿಸಿದರು. ನನಗೇ ಎದ್ದು ಹೋಗಿ ಒಂದು ಬುಟ್ಟಿ ಮಣ್ಣು ಸುರಿದು ಬರೋಣ ಅನ್ನಿಸಿತು.

ಮುಗಿದ ಮೇಲೆ ಕೆಮ್ಮುಮೇಷ್ಟ್ರು ಕೆಮ್ಮಿ, "ಈ ಪಕ್ಷದವರು ಸಭೆಯಲ್ಲಿ ಯಾರಾದರೂ ಇದ್ದರೆ ಎದ್ದು ಹೇಳಿ. ಇದು ನಿಮ್ಮ ಮಾತೇ?" ಎಂದು ಕೇಳಿದರು. ನಲ್ಲಿಯವನು ಎದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ.

"ನಮ್ಮ ಮಾತೇ ಸಾರ್. ನಾವು ಹೇಳಿದ್ರೆ ಇಷ್ಟು ನೆಟ್ಟಗೆ ಬರ್ತಿರ್ಲಿಲ್ಲ. ಏನೂ ಬಿಟ್ಟಿಲ್ಲ."

ಚಪ್ಪಾಳೆಯೋ ಚಪ್ಪಾಳೆ. ಗೆದ್ದಳು ನನ್ನ ಸೋದರಸೊಸೆ! ಎಲ್ಲರೂ ಚಹಾಕ್ಕೆ ಎದ್ದರು. ಬಿಸ್ಕತ್ತು ಗಟ್ಟಿ, ನನಗೆ ಪ್ರಯೋಜನವಿಲ್ಲ. ವಸಡು ಬೇರೆ ಜುಮುಗುಡುತ್ತಿತ್ತು. ಹೊರಟುಬಿಟ್ಟೆ. ಗೇಟು ದಾಟುವಾಗ ಒಳಗೆ ಗಂಟೆ ಹೊಡೆಯಿತು. ಲೋಟ ವಾಪಸು ಕೊಡಿ ಎಂಬ ಗಂಟೆಯಿರಬೇಕು.

ದಾರಿಯಲ್ಲಿ ಕ್ಷೌರದಂಗಡಿಗೆ ನುಗ್ಗಿದೆ. ಇಂಥ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಮನೆ ಸೇರಲಾಗುತ್ತದೆಯೇ? ಕಡಿಮೆ ಮಾತಾಡಿ ಎಂದರೆ ಮಾತೇ ಆಡಬೇಡಿ ಎಂದಲ್ಲವಲ್ಲ. ಬೆಂಚಿನ ಮೇಲೆ ಕೂತವರಿಗೆಲ್ಲ ಕೇಳುವ ಹಾಗೆ ಹೇಳಿದೆ. "ಜೌಗು ತುಂಬಿಸ್ಲೇಬೇಕು ಅಂತ ಸಾಬೀತು ಮಾಡಿಬಿಟ್ಳು ನಮ್ಮ ಹುಡುಗಿ! ಸಭೆ ಉಸಿರು ಬಿಡೋದನ್ನೇ ಮರೆತಿತ್ತು!"

ಕುರ್ಚಿಯಲ್ಲಿ ಮುಖದ ತುಂಬ ನೊರೆ ಹಚ್ಚಿಸಿಕೊಂಡಿದ್ದವನು ತಿರುಗಿ ಕೂತ. "ಹೌದಾ ಯಜಮಾನ್ರೇ? ಇನ್ನೊಂದ್ಸಲ ಹೇಳಿ" ಎಂದ. ಆ ವಾರ್ಡಿನ ಮೆಂಬರಂತೆ. ಇನ್ನೊಂದು ಸಲ, ಇನ್ನೂ ಚೆನ್ನಾಗಿ ಹೇಳಿದೆ.

ಯಾಕಮ್ಮ ಬಂದಾಗ ಸಂಜೆಯಾಗಿತ್ತು. ಸುಸ್ತಾಗಿದ್ದಳು. "ಹೆಂಗಿತ್ತು ಮಾವ?" ಎಂದಳು. ಬಾಯಿ ನೋಯುತ್ತಿದ್ದುದರಿಂದ ಬೆರಳು ಮಡಿಸಿ ಬೊಂಬಾಟ್ ಎಂದು ತೋರಿಸಿದೆ.

ಮಾರ್ಚ್ ೧೬, ಶನಿವಾರ

ತರಕಾರಿಗೆಂದು ಇಬ್ಬರೂ ಹೋದೆವು. ಸರ್ಕಲಿನಲ್ಲಿ ಮನೆಯಷ್ಟು ದೊಡ್ಡ ಫ್ಲೆಕ್ಸು. ಒಂದು ಮೂಲೆಯಲ್ಲಿ ವಾರ್ಡ್ ಮೆಂಬರು ಕೈಮುಗಿದಿದ್ದಾನೆ. ನಡುವೆ ಯಾಕಮ್ಮನ ಫೋಟೋ. ಕೆಳಗೆ: ಜೌಗು ತುಂಬಿಸಲೇಬೇಕು, ತತ್ವಶಾಸ್ತ್ರದ ವಿದುಷಿಯ ತೀರ್ಪು. ಅದರ ಕೆಳಗೆ ಕೆಂಪಕ್ಷರದಲ್ಲಿ: ಸಭೆ ಉಸಿರು ಬಿಡುವುದನ್ನೇ ಮರೆತಿತ್ತು!

ನನಗೆ ಎದೆ ಉಬ್ಬಿಬಂತು. ಯಾಕಮ್ಮ ಚೀಲ ಕೆಳಗಿಟ್ಟಳು. ಕೊನೆಯ ಸಾಲನ್ನು ಎರಡು ಸಲ ಓದಿದಳು.

"ಮಾವ, ಆ ಕೆಂಪಕ್ಷರ ನಿಂದಲ್ವಾ?"

ನಾನು ನಾಚಿಕೊಂಡು ತಲೆಯಾಡಿಸಿದೆ.

"ಚಹಾ ಆದ್ಮೇಲೆ ನೀನು ಎಲ್ಲಿದ್ದೆ?"

ಅಲ್ಲಿಯೇ ಬದನೆಕಾಯಿ ಗಾಡಿಯ ಪಕ್ಕ ನಿಂತು ಹೇಳಿದಳು. ಅವರ ವಿಭಾಗದ ಪದ್ಧತಿ ಇದಂತೆ: ಉಪನ್ಯಾಸಕ್ಕೆ ಎರಡು ಅರ್ಧ. ಮೊದಲರ್ಧ ಎದುರಾಳಿಯದು. ಅವನ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಬೇಕು. ಎಲ್ಲಿಯವರೆಗೆ ಅವನ ಕಡೆಯವರೊಬ್ಬರು ಎದ್ದು ಇದು ನಮ್ಮ ಮಾತೇ, ಏನೂ ಬಿಟ್ಟಿಲ್ಲ ಎನ್ನುವುದಿಲ್ಲವೋ ಅಲ್ಲಿಯವರೆಗೆ ತನ್ನ ಬಾಯಿ ಬಿಡುವ ಹಾಗಿಲ್ಲ. ಎದ್ದು ಹೇಳಿದ ಮೇಲೆ ಚಹಾ. ಚಹಾ ಆದ ಮೇಲೆ ಗಂಟೆ. ಗಂಟೆ ಆದ ಮೇಲೆ ತನ್ನ ಅರ್ಧ.

"ಹಂಗಾದ್ರೆ ನಿನ್ನ ಅರ್ಧ?" ಎಂದು ಕೇಳಿದೆ.

"ತುಂಬಿಸಬಾರದು ಅಂತ."

ಇದೆಂಥ ಪದ್ಧತಿ? ಜಗಳದಲ್ಲಿ ಎದುರಿನವನ ಬೈಗುಳವನ್ನೂ ನಾವೇ ಬೈದುಕೊಡುವುದೇ? ಮೊದಲೇ ಹೇಳುವುದಲ್ಲವೇ? ಇವರ ತಪ್ಪು ಇದು. ಬದನೆಕಾಯಿ ತರುವುದು ಮರೆತುಹೋಯಿತು.

ಮಾರ್ಚ್ ೧೮, ಸೋಮವಾರ

ಕೆಮ್ಮುಮೇಷ್ಟ್ರು ಮನೆಗೇ ಬಂದರು. ಯಾಕಮ್ಮ ಫ್ಲೆಕ್ಸು ತೆಗೆಸುವುದಕ್ಕೂ ಪತ್ರಿಕೆಗೆ ಸ್ಪಷ್ಟನೆ ಕೊಡುವುದಕ್ಕೂ ಹೊರಟಿದ್ದಳು. ಅದನ್ನು ತಡೆಯಲು ಬಂದದ್ದು.

ಸಂಗತಿ ಇಷ್ಟು. ತನ್ನ ಅರ್ಧದಲ್ಲಿ ಇವಳು ಬರೀ ತುಂಬಿಸಬೇಡಿ ಎಂದು ಸುಮ್ಮನಾಗಲಿಲ್ಲವಂತೆ. ಜೌಗಿನ ಮೇಲೆ ಕಟ್ಟಿದ ಮನೆಗೆ ನೆರೆ ಬಂದರೆ ಮೊದಲು ನೀರು ನುಗ್ಗುವುದು. ಯಾರಿಗೂ ಬೇಡದ ಜಾಗ ಕೊಟ್ಟು ಅದನ್ನು ಉಪಕಾರ ಎನ್ನಬೇಡಿ. ವಿಶ್ವವಿದ್ಯಾಲಯಕ್ಕೆ ಸೇರಿದ ಹಳೇ ಕುದುರೆ ಲಾಯದ ಬಯಲು ಎತ್ತರದಲ್ಲಿದೆ, ರಸ್ತೆ ಪಕ್ಕದಲ್ಲಿದೆ, ಕಳೆ ಬೆಳೆದು ಬಿದ್ದಿದೆ, ಅದನ್ನು ಕೊಡಿ ಎಂದಳಂತೆ. ಕೆಲಸ ಕೊಡಬೇಕಾದವರ ಮುಂದೆಯೇ ಅವರ ಜಾಗ ಕೇಳಿದ್ದಾಳೆ! ಮುಂದಿನ ಸಾಲಿನ ಗಾಂಭೀರ್ಯವೆಲ್ಲ ಸಿಟ್ಟಾಗಿದೆ. ಅಷ್ಟರಲ್ಲಿ ನನ್ನ ಫ್ಲೆಕ್ಸು ಬಂತು. ಮೇಲಿನವರು ಅದನ್ನು ಓದಿ, ಹುಡುಗಿ ಮನಸ್ಸು ಬದಲಾಯಿಸಿ ದಾರಿಗೆ ಬಂದಳು ಎಂದುಕೊಂಡು ತಣ್ಣಗಾಗಿದ್ದಾರೆ.

"ನೀನು ಸುಳ್ಳು ಹೇಳೋದು ಬೇಡಮ್ಮ. ಏನೂ ಹೇಳ್ಬೇಡ, ಅಷ್ಟೇ" ಎಂದರು ಕೆಮ್ಮುಮೇಷ್ಟ್ರು, ಕೆಮ್ಮಿ. "ಎರಡನೇ ಅರ್ಧಕ್ಕೆ ಕೂತಿದ್ದವರು ಎಷ್ಟು ಜನ? ಮರೀತಾರೆ. ಈ ತಿಂಗಳ ಕೊನೇಲಿ ಆರ್ಡರಿಗೆ ಸಹಿ ಬೀಳುತ್ತೆ. ಆಮೇಲೆ ಜೀವನ ಪೂರ್ತಿ ಇದೆ, ಏನು ಬೇಕಾದ್ರೂ ಬರಿ."

ಅವಳು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಅವರು ಇಳಿದು ಹೋಗುವಾಗ ಮೆಟ್ಟಿಲವರೆಗೆ ಹೋಗಿ, ನೀವು ನಿಶ್ಚಿಂತೆಯಿಂದಿರಿ, ಒಪ್ಪಿಸುವ ಹೊಣೆ ನನ್ನದು ಎಂದೆ. ನೋಡಿ ಮತ್ತೆ! ತಪ್ಪು ಎನ್ನುತ್ತಿದ್ದಳಲ್ಲ, ನನ್ನ ಬಾಯಿಂದಲೇ ಅವಳ ಕೆಲಸ ಕಾಯಂ ಆಗುತ್ತಿದೆ. ಹಲ್ಲಿಲ್ಲದ ಬಾಯಿ ಇಷ್ಟು ಮಾಡಿದರೆ ಹಲ್ಲಿದ್ದಿದ್ದರೆ?

ಮಾರ್ಚ್ ೧೯, ಮಂಗಳವಾರ

ವಸಡು ಹುಣ್ಣಾಗಿದೆ. "ಎಲ್ಲಿ ಭಾಷಣ ಮಾಡಿದ್ರಿ ಅಜ್ಜ?" ಎಂದು ಡಾಕ್ಟರು ಗದರಿದಳು. ನಾಲ್ಕು ದಿನ ಒಂದಕ್ಷರವೂ ಕೂಡದು. ಮತ್ತೆ ಸ್ಲೇಟು.

ಮಾರ್ಚ್ ೨೨, ಶುಕ್ರವಾರ

ಇವತ್ತು ಬೆಳಗ್ಗೆ ಗಂಜಿ ಮುಂದಿಟ್ಟುಕೊಂಡು ಕೆಲಸಕ್ಕೆ ಕೈಹಾಕಿದೆ. ಸ್ಲೇಟಿನ ಮೇಲೆ ಬರೆದೆ: ಸುಮ್ಮನಿರು. ಆರ್ಡರು ಬರಲಿ.

ಯಾಕಮ್ಮ ಉತ್ತರಪತ್ರಿಕೆ ಪಕ್ಕಕ್ಕಿಟ್ಟಳು. "ಕೇಳ್ತೀನಿ ಮಾವ. ಆದ್ರೆ ನಮ್ಮ ವಿಭಾಗದ ಪದ್ಧತಿ ಗೊತ್ತಲ್ಲ. ನಾನ್ಯಾಕೆ ಸುಮ್ಮನಿರಲ್ಲ ಅಂತ ಮೊದಲು ನೀನು ಹೇಳು. ನನ್ನ ಮಾತೇ ಅಂತ ನಾನಂದ ಮೇಲೆ ನಿನ್ನ ಮಾತು ಕೇಳ್ತೀನಿ."

ಇದರಲ್ಲೇನು ಮಹಾ? ಬರೆದೆ: ನೀನು ಹಟಮಾರಿ.

"ಅಲ್ಲ" ಎಂದಳು. ಒರೆಸಿದೆ.

ಜನ ನಿನ್ನನ್ನು ಸುಳ್ಳಿ ಅಂತಾರೆ ಅಂತ ಹೆದರಿಕೆ.

"ಜನ ಅನ್ನಲ್ಲ. ಜನಕ್ಕೆ ಗೊತ್ತೇ ಆಗಲ್ಲ. ಅಲ್ಲ." ಒರೆಸಿದೆ.

ಹಕ್ಕಿ, ಕಪ್ಪೆ, ಆಪು ಎಂದು ಬರೆದೆ. ನಕ್ಕಳು. "ಅದು ಉಪನ್ಯಾಸದ್ದು. ನಾನು ಕೇಳಿದ್ದು ಬಾಯಿ ಮುಚ್ಕೊಳ್ಳೋದರ ಬಗ್ಗೆ."

ಗಂಜಿಯ ಮೇಲೆ ಕೆನೆ ಕಟ್ಟಿತು. ಏನೆಂದು ಬರೆಯುವುದು? ಆ ದಿನದ ಸಭೆ ಕಣ್ಣಮುಂದೆ ತಂದುಕೊಂಡೆ. ಇಸ್ತ್ರಿ ಅಂಗಿಯ ನಲ್ಲಿಯವನು. ಅಷ್ಟು ಜನರ ನಡುವೆ ಎದ್ದು ನಿಲ್ಲುವುದು ಅವನಿಗೆ ಸುಲಭವಾಗಿರಲಿಲ್ಲ, ಕೈ ಎಲ್ಲಿಡಬೇಕೆಂದು ತಿಳಿಯದೆ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದ. ಸ್ಲೇಟು ಸಾಲದಾಯಿತು. ಚಿಕ್ಕಕ್ಷರ ಮಾಡಿದೆ.

ಅವನು ನಿನ್ನನ್ನು ನಂಬಿ ಎದ್ದು ನಿಂತ. ನನ್ನ ಮಾತು ಇದು, ಇನ್ನು ನಿನ್ನ ಮಾತು ಹೇಳು ಅಂತ. ನೀನು ಹೇಳಿದೆ. ಸಿಟ್ಟಾದನೋ ಏನೋ, ನೀನು ಎಲ್ಲಿ ನಿಂತಿದೀಯ ಅಂತ ಅವನಿಗೆ ಗೊತ್ತಾಯ್ತು. ಈಗ ನೀನು ಬಾಯಿ ಮುಚ್ಕೊಂಡ್ರೆ ಅವನನ್ನ ಸುಮ್ಮನೆ ಎಬ್ಬಿಸಿ ನಿಲ್ಲಿಸಿದ ಹಾಗಾಯ್ತು. ಇನ್ನು ಮುಂದೆ ಯಾರೂ ನಿನ್ನೆದುರು ಎದ್ದು ನಿಲ್ಲಲ್ಲ.

ಓದಿದಳು. "ಇನ್ನೊಂದಿದೆ" ಎಂದಳು.

ಒರೆಸಿ ಬರೆದೆ: ಅವರು ನಿನಗೆ ಕೆಲಸ ಕೊಡ್ತಾ ಇಲ್ಲ. ಲಾಯದ ಬಯಲು ಉಳಿಸ್ಕೊಳ್ತಾ ಇದಾರೆ.

ಓದಿ ಸ್ಲೇಟು ಕೆಳಗಿಟ್ಟಳು. "ಹೌದು ಮಾವ. ಇದು ನನ್ನ ಮಾತೇ. ಏನೂ ಬಿಟ್ಟಿಲ್ಲ."

ಆಮೇಲೆ ಕೈಕಟ್ಟಿ ಕೂತು, "ಈಗ ನಿಂದು ಹೇಳು" ಎಂದಳು.

ಹೇಳುವುದಕ್ಕೆ ಬೇಕಾದಷ್ಟಿತ್ತು. ರಾತ್ರಿಯೇ ಯೋಚಿಸಿಟ್ಟಿದ್ದೆ. ಬಳಪ ಹಿಡಿದೆ. ಅದು ಚಿಕ್ಕದಾಗಿ ಬೆರಳಿಗೆ ನಿಲ್ಲಲಿಲ್ಲ. ಗಂಜಿ ಕುಡಿದೆ. ತಣ್ಣಗಾಗಿತ್ತು.

ಅವಳು ಪತ್ರಿಕೆಯವರಿಗೆ ಬರೆಯಲು ಕೂತಳು. ನಡುವೆ ಸುಮ್ಮನೆ ತಲೆಯೆತ್ತಿ, "ಮಾವ, ಕಾಲುವೆ ಏರಿ ಮೇಲೆ ನೀನು ವಿವರಣೆ ಕೊಟ್ಟೆ ಅಂತ ಎಲ್ಲರಿಗೂ ಹೇಳ್ತೀಯಲ್ಲ. ನೀನು ಏನೂ ಹೇಳ್ಲಿಲ್ಲ. ಬಾಯಿ ಮುಚ್ಚಲಿ ಅಂತ ಐಸ್‌ಕ್ಯಾಂಡಿ ಕೊಡಿಸ್ದೆ. ಅದಕ್ಕೇ ಇನ್ನೂ ಕೇಳ್ತಾ ಇದೀನಿ" ಎಂದಳು.

ಇದ್ದರೂ ಇರಬಹುದು.

ಮಾರ್ಚ್ ೨೫, ಸೋಮವಾರ

ಮಾತಾಡಬಹುದು ಎಂದು ಡಾಕ್ಟರು ಒಪ್ಪಿದಳು. ನೇರ ಕ್ಷೌರದಂಗಡಿಗೆ ಹೋದೆ.

"ಬನ್ನಿ ಬನ್ನಿ! ಫ್ಲೆಕ್ಸಿನ ಮಾವ ಬಂದ್ರು, ಜಾಗ ಬಿಡ್ರೋ!" ಎಂದ ಕ್ಷೌರಿಕ.

ಮೊನ್ನೆ ಹೇಳಿದ್ದು ಅರ್ಧ, ಇನ್ನರ್ಧ ಇದು ಎಂದು ಹೇಳಿದೆ. ನೆರೆ, ಲಾಯದ ಬಯಲು, ಎಲ್ಲ.

"ಹಂಗಾದ್ರೆ ಮೊನ್ನೆ ಹೇಳಿದ್ದು ಸುಳ್ಳಾ?"

"ಸುಳ್ಳಲ್ಲ. ಚಹಾ ಹೊತ್ತಿಗೆ ಎದ್ದು ಬಂದೆ."

"ಮೊನ್ನೇದೇ ಚೆನ್ನಾಗಿತ್ತು ಬಿಡಿ" ಎಂದ ಬೆಂಚಿನ ಮೇಲಿದ್ದವನೊಬ್ಬ. ಎಲ್ಲರೂ ನಕ್ಕರು. "ಈ ಅರ್ಧ ಯಾವ ಹೊತ್ತಲ್ಲಿ ಕಟ್ಟಿದ್ದು ಯಜಮಾನ್ರೇ?"

ಮೂಲೆಯ ಬೇಸಿನ್ನಿನ ಕೆಳಗಿಂದ ಒಂದು ತಲೆ ಹೊರಬಂತು. ನಲ್ಲಿಯವನು. ವಾಷರು ಬದಲಾಯಿಸುತ್ತಿದ್ದ. "ಅಜ್ಜ ಹೇಳ್ತಿರೋದು ಸರಿ. ನಾನು ಕೊನೇವರೆಗೂ ಇದ್ದೆ. ಆಯಮ್ಮ ನಮಗೆ ವಿರುದ್ಧವಾಗೇ ಹೇಳಿದ್ರು."

"ವಿರುದ್ಧ ಅಲ್ಲಪ್ಪ. ಒಣ ನೆಲ ಕೊಡಿ ಅಂದಳು."

"ಕೊಡೋರು ಯಾರು ಅಜ್ಜ? ಜೌಗು ಕೈಗೆ ಸಿಗ್ತಾ ಇದೆ. ಲಾಯ ಬರೀ ಬಾಯಿಮಾತಲ್ಲಿದೆ. ಮಗಳು ಮುಂದಿನ ವರ್ಷ ಹೈಸ್ಕೂಲು. ಅವಳಿಗೆ ನಾನು ಎಷ್ಟು ವರ್ಷ ಕಾಯಿ ಅನ್ಲಿ?"

ಅವನ ಮಾತಿನಲ್ಲಿ ಹುರುಳಿದೆ. ಇನ್ನೊಂದು ಸಲ ಹೇಳಪ್ಪ ಎಂದೆ. ಹೇಳಿದ. ಮನೆಗೆ ಬಂದು ಯಾಕಮ್ಮನಿಗೆ ಅವನ ಮಾತನ್ನು ಹಾಗೆಯೇ ಒಪ್ಪಿಸಿದೆ. ಅವಳು ಅದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಳು. ಸ್ಪಷ್ಟನೆ ನಾಳಿದ್ದಿನ ಪತ್ರಿಕೆಯಲ್ಲಿ ಬರುತ್ತದಂತೆ.

ಮಾರ್ಚ್ ೨೭, ಬುಧವಾರ

ಬಂತು. ಸಂಜೆಯೊಳಗೆ ಫ್ಲೆಕ್ಸು ಇಳಿಸಿದರು.

ಏಪ್ರಿಲ್ ೩, ಬುಧವಾರ

ಆರ್ಡರು ಬಂತು. ಕಾಯಂ ಇಲ್ಲ. ಇನ್ನೊಂದು ವರ್ಷ ತಾತ್ಕಾಲಿಕ, ಆಮೇಲೆ ನೋಡೋಣ ಎಂದಿದೆ.

ಯಾಕಮ್ಮ ಓದಿ, ಮಡಿಸಿ, ಪುಸ್ತಕದೊಳಗಿಟ್ಟು ಉತ್ತರಪತ್ರಿಕೆ ಎಳೆದುಕೊಂಡಳು. ಕೆಂಪು ಪೆನ್ನಿನ ಮುಚ್ಚಳ ತೆಗೆದಳು. ಇಂಥ ಹೊತ್ತಿಗೆ ಆಡುವ ಮಾತುಗಳು ನನ್ನ ಹತ್ತಿರ ಬೇಕಾದಷ್ಟಿವೆ. ಆ ಸಮಿತಿಯವರಿಗೆಲ್ಲ ಏನಾಗಬೇಕೆಂದು ಹೇಳಬಲ್ಲೆ. ಅದರ ಬದಲು, "ಕೊಡದೇ ಇದ್ದದ್ದಕ್ಕೆ ಅವರ ಕಡೆಯ ಮಾತು ಏನಿರಬಹುದು?" ಎಂದು ಕೇಳಿದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ನಕ್ಕಳು, ಈ ವಾರದಲ್ಲಿ ಮೊದಲ ಸಲ. ಕುರ್ಚಿ ತಿರುಗಿಸಿಕೊಂಡು ಶುರುಮಾಡಿದಳು: ಆ ಬಯಲಿನಲ್ಲಿ ಹುಡುಗಿಯರ ಹಾಸ್ಟೆಲು ಕಟ್ಟುವ ಆಲೋಚನೆ ಅವರಿಗಿತ್ತು, ಅದೂ ಒಳ್ಳೆಯ ಕೆಲಸವೇ. ಮುಂದಿನ ಸಾಲಿನ ಒಬ್ಬರು ಆ ಹಾಸ್ಟೆಲಿಗಾಗಿ ಹತ್ತು ವರ್ಷ ಓಡಾಡಿದ್ದಾರೆ. ಅವರನ್ನು ಒಂದು ಮಾತು ಕೇಳದೆ ಸಭೆಯಲ್ಲಿ ಬಯಲನ್ನು ದಾನ ಮಾಡಿಬಿಟ್ಟೆ ಎಂದಳು.

"ಅಂದ್ರೆ ನಿನ್ನದು ತಪ್ಪಾ?"

"ಬಯಲು ಕೇಳಿದ್ದು ತಪ್ಪಲ್ಲ. ಅವರ ಅರ್ಧ ಹೇಳದೆ ಕೇಳಿದ್ದು ತಪ್ಪು. ಬರೋ ವರ್ಷ ಅಲ್ಲಿಂದ ಶುರು."

ಸಂಜೆ ನಲ್ಲಿಯವನು ಬಂದು ಬಾಗಿಲಲ್ಲೇ ನಿಂತ. "ಮೇಡಂ, ಲಾಯದ ಕಡೆ ಒಂದು ಸುತ್ತು ಹೋಗ್ಬಂದೆ. ಮೇನ್ ಪೈಪು ಬೇಲಿ ಪಕ್ಕದಲ್ಲೇ ಹೋಗಿದೆ. ನೀರು ಎಳೆಯೋದು ಸುಲಭ. ನಾನೇನೂ ಒಪ್ಪಿದೀನಿ ಅಂತಲ್ಲ. ನೋಡ್ಕೊಂಡು ಬಂದೆ, ಅಷ್ಟೆ." ಒಳಗೆ ಬಾ ಅಂದರೆ ಬರಲಿಲ್ಲ. ಚಹಾ ಮಾತ್ರ ಅಲ್ಲಿಯೇ ನಿಂತು ಕುಡಿದ.

ಏಪ್ರಿಲ್ ೬, ಶನಿವಾರ

ಹಲ್ಲಿನ ಸೆಟ್ಟು ಕೂರಿಸಿದರು. ಕನ್ನಡಿಯಲ್ಲಿ ಯಾರೋ ಶ್ರೀಮಂತ ಕಂಡ. "ಇನ್ನು ಎಷ್ಟು ಬೇಕಾದ್ರೂ ಮಾತಾಡಿ ಅಜ್ಜ" ಎಂದಳು ಡಾಕ್ಟರು. ಈ ಕೆಲಸಕ್ಕೆ ಹೇಗೆ ಬಂದೆ ತಾಯಿ ಎಂದು ಕೇಳಿದೆ. ಅವಳ ಮಾತು ಮುಗಿಯುವ ಹೊತ್ತಿಗೆ ಹೊರಗೆ ಬೆಂಚು ತುಂಬಿ ಜನ ನಿಂತಿದ್ದರು.

ಏಪ್ರಿಲ್ ೯, ಮಂಗಳವಾರ

ಊರು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನು ದಾರಿಯುದ್ದಕ್ಕೂ ತನ್ನ ಎಮ್ಮೆಯ ವಿಚಾರ ಹೇಳಿದ. ಒಳ್ಳೆಯ ಎಮ್ಮೆ.

ಮರ ಇದೆ. ನಮ್ಮವಳು ಕಡಿಸಿಲ್ಲ. ಕಡಿಸುವವರಿಗೆ ಹೇಳಿಯಾಗಿದೆ, ನೀವು ಬರಲಿ ಅಂತ ಕಾಯ್ತಿದ್ದೆ ಎಂದಳು. ಹೊಸ ಹಲ್ಲನ್ನು ನೋಡಿ, "ಇನ್ನು ಕೇಳ್ಬೇಕಾ! ಶುರು ಮಾಡಿ, ಬಾಗಿಲಲ್ಲಿ ನಿಂತು ಹೇಳಿದ್ದನ್ನೇ ಇನ್ನೊಂದ್ಸಲ ಹೇಳಿ" ಎಂದಳು.

ಹಿತ್ತಲ ಮೆಟ್ಟಿಲ ಮೇಲೆ ಕೂತೆ. ಮೊದಲು ನಿನ್ನದು ನಾನು ಹೇಳ್ತೀನಿ, ತಪ್ಪಿದ್ರೆ ತಿದ್ದು ಎಂದೆ. ಸೊಂಟದ ಮೇಲೆ ಕೈಯಿಟ್ಟು ನಿಂತಳು, ಏನೋ ಕುಚೋದ್ಯ ಬರುತ್ತದೆ ಎಂದು. ಹೇಳಿದೆ. ಹಣ್ಣು ಉದುರಿ ಕೊಳೆತು ನೊಣ. ಬಾವಲಿ ಬಂದು ಒಣಹಾಕಿದ ಬಟ್ಟೆಯೆಲ್ಲ ಕಲೆ. ಬೇರು ನುಗ್ಗಿ ಬಟ್ಟೆ ಒಗೆಯುವ ಕಲ್ಲು ಓರೆಯಾಗಿದೆ, ಅದರ ಮೇಲೆ ಬಗ್ಗಿ ಬಗ್ಗಿ ಅವಳ ನಡು ನೋವು. ಗಾಳಿ ಬಂದ ರಾತ್ರಿ ಕೊಂಬೆ ಮಾಡಿನ ಮೇಲೆ ಬಿದ್ದೀತೆಂಬ ಹೆದರಿಕೆ. ಕೈ ಸೊಂಟದಿಂದ ಇಳಿಯಿತು.

"ನಿನ್ನ ಮಾತೇ ತಾನೆ? ಏನೂ ಬಿಟ್ಟಿಲ್ಲ ತಾನೆ?"

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಒಂದು ಬಿಟ್ರಿ" ಎಂದಳು.

ಯಾವುದು ಎಂದು ಕೇಳಿದೆ. ಪಕ್ಕದಲ್ಲಿ ಬಂದು ಕೂತಳು. ಹೇಳತೊಡಗಿದಳು. ಮರ ಎಂದು ಶುರುವಾದದ್ದು ಮರವನ್ನು ಬಿಟ್ಟು ಎಲ್ಲೆಲ್ಲಿಗೋ ಹೋಯಿತು, ಮದುವೆಯಾದ ಹೊಸದರವರೆಗೆ. ಬಾವಲಿಗಳು ಬಂದವು, ಹೋದವು. ಮರ ಉಳಿಯಬೇಕೆಂಬುದಕ್ಕೆ ನನ್ನ ಹತ್ತಿರವೂ ಒಳ್ಳೊಳ್ಳೆಯ ಕಾರಣಗಳಿವೆ. ನನ್ನ ಸರದಿ ಇನ್ನೂ ಬಂದಿಲ್ಲ. ದೀಪ ಹಚ್ಚಲು ಒಳಗೆ ಹೋಗಿದ್ದಾಳೆ, ಆ ಹೊತ್ತಿನಲ್ಲಿ ಇಷ್ಟು ಬರೆದಿದ್ದೇನೆ. ಬಂದಳು.